ಅಮೆರಿಕದಲ್ಲಿ ಗುಂಡು ಹಾರಿತು, ಗದಗಿನಲ್ಲಿ ಹತ್ತಿ ಏರಿತು

ಪ್ರಶ್ನೆ: ನನ್ನ ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ. ಕಾಲೇಜಿನ ಚರ್ಚಾ ಸ್ಪರ್ಧೆಗೆ ಅವನಿಗೆ ಬಂದ ವಿಷಯ, 'ದೇಶ ದೇಶಗಳ ಜಗಳ, ಪೈಪೋಟಿಯೇ ಮನುಷ್ಯನ ಪ್ರಗತಿಗೆ ಕಾರಣ'. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಅನ್ನೋದು ಅಂದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧ ಆಗದಿದ್ದರೆ ಪೆನಿಸಿಲಿನ್ ಇಲ್ಲ, ಕಂಪ್ಯೂಟರ್ ಇಲ್ಲ, ಅಮೆರಿಕ-ರಷ್ಯಾ ಜಿದ್ದಿಗೆ ಬೀಳದಿದ್ದರೆ ಚಂದ್ರನ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ ಅಂತ ಅವನ ವಾದ. ನಾನು ಬೀಜದ ವ್ಯಾಪಾರಿ. ಅವನ ಮಾತಿಗೆ ಉತ್ತರ ಹೊಳೆಯಲಿಲ್ಲ, ಆದರೆ ಮನಸ್ಸೂ ಒಪ್ಪುತ್ತಿಲ್ಲ. ಇತಿಹಾಸ ಓದಿದವರು ಏನು ಹೇಳುತ್ತೀರಿ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಿಮ್ಮ ಮಗ ಸುಳ್ಳೇನೂ ಹೇಳಿಲ್ಲ. ಅರ್ಧ ಕಥೆ ಹೇಳಿದ್ದಾನೆ, ಅಷ್ಟೆ. ನಾನು ಧಾರವಾಡದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಪ್ರತಿ ವರ್ಷ ಒಬ್ಬ ಹುಡುಗನಾದರೂ ಎದ್ದು ನಿಂತು ಇದೇ ಮಾತು ಕೇಳುತ್ತಿದ್ದ. ಅಂಥವರು ನನಗೆ ಇಷ್ಟ. 'ಯುದ್ಧ ಕೆಟ್ಟದ್ದು' ಅಂತ ಸುಮ್ನೆ ಎರಡು ಪುಟ ಬರೆದು ಅಂಕ ತೆಗೆದುಕೊಳ್ಳುವವರಿಗಿಂತ ವಾಸಿ.

ಪೆನಿಸಿಲಿನ್ನಿನಿಂದಲೇ ಶುರು ಮಾಡೋಣ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಆ ಬೂಸ್ಟನ್ನು ಕಂಡದ್ದು 1928ರಲ್ಲಿ. ಆಗ ಯುದ್ಧವಿರಲಿಲ್ಲ. ರಜೆ ಮುಗಿಸಿ ಬಂದು ನೋಡಿದರೆ ಹಾಗೇ ಬಿಟ್ಟುಹೋದ ತಟ್ಟೆಯಲ್ಲಿ ಬೂಸ್ಟು ಬೆಳೆದಿತ್ತು, ಅದರ ಸುತ್ತಲಿನ ಬ್ಯಾಕ್ಟೀರಿಯಾ ಸತ್ತಿದ್ದವು. ಮುಂದೆ ಹತ್ತು ವರ್ಷ ಅದು ಹೆಚ್ಚುಕಡಿಮೆ ಮೂಲೆ ಸೇರಿತ್ತು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್, ಹೀಟ್ಲಿ ಅದನ್ನು ಕೈಗೆತ್ತಿಕೊಂಡರು. ಫ್ಲೋರಿ ಆಸ್ಟ್ರೇಲಿಯಾದವ. ಚೇನ್ ಹಿಟ್ಲರ್ ಬಂದ ಮೇಲೆ ಬರ್ಲಿನ್ ಬಿಟ್ಟು ಬಂದ ಯಹೂದಿ. ಅವರ ಕೈಗೆ ಬಂದ ದುಡ್ಡಿನಲ್ಲಿ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ಪಾಲು ದೊಡ್ಡದು. 1941ರ ಫೆಬ್ರವರಿಯಲ್ಲಿ ಒಬ್ಬ ಪೊಲೀಸನಿಗೆ ಔಷಧ ಚುಚ್ಚಿದರು. ನಾಲ್ಕೈದು ದಿನಕ್ಕೆ ಚೇತರಿಸಿಕೊಂಡ. ಅಷ್ಟರಲ್ಲಿ ಔಷಧ ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಚುಚ್ಚಿದರು. ಅದೂ ಸಾಲಲಿಲ್ಲ, ಸತ್ತುಹೋದ.

ಯುದ್ಧ ಕೈ ಹಾಕಿದ್ದು ಇಲ್ಲಿಂದ ಮುಂದೆ. ಅಮೆರಿಕ ದುಡ್ಡು ಸುರಿಯಿತು, ಕಾರ್ಖಾನೆಗಳು ಎದ್ದವು, 1944ರ ಜೂನಿನಲ್ಲಿ ನಾರ್ಮಂಡಿ ದಂಡೆಗೆ ಇಳಿದ ಸೈನಿಕರಿಗೆ ಬೇಕಾಗುವಷ್ಟು ಪೆನಿಸಿಲಿನ್ ತಯಾರಾಗಿತ್ತು. ಮೂರು ವರ್ಷದ ಹಿಂದೆ ಒಬ್ಬ ಪೊಲೀಸನಿಗೆ ಸಾಲದ್ದು ಈಗ ಸೈನ್ಯಕ್ಕೆ ಸಾಲುವಷ್ಟಾಯಿತು. ಇದು ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಯುದ್ಧ ಬೀಜ ಬಿತ್ತಲಿಲ್ಲ. ಮೊಳೆತು ನಿಂತ ಪೈರಿಗೆ ನೀರು ಹಾಯಿಸಿತು. ಬಿತ್ತುವುದಕ್ಕೂ ನೀರು ಹಾಯಿಸುವುದಕ್ಕೂ ಇರುವ ವ್ಯತ್ಯಾಸವನ್ನು ಬೀಜದ ವ್ಯಾಪಾರಿಗೆ ನಾನು ಹೇಳಬೇಕಾ?

ಕಂಪ್ಯೂಟರಿನ ಕಥೆ ಇನ್ನೂ ವಿಚಿತ್ರ. ಜರ್ಮನಿಯ ಗುಪ್ತಲಿಪಿ ಒಡೆಯಲು ಬ್ರಿಟನ್ನಿನಲ್ಲಿ ಟಾಮಿ ಫ್ಲವರ್ಸ್ ಅನ್ನುವ ಟೆಲಿಫೋನ್ ಇಲಾಖೆಯ ಎಂಜಿನಿಯರ್ ಕೊಲೋಸಸ್ ಅನ್ನುವ ಯಂತ್ರ ಕಟ್ಟಿದ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಬಿಚ್ಚಿ ಹಾಕಿದರು, ನಕ್ಷೆಗಳನ್ನು ಸುಟ್ಟರು, ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿದರು. ಅಂಥದೇ ಇನ್ನೊಂದು ಯಂತ್ರ ಕಟ್ಟುತ್ತೇನೆ ಅಂತ ಫ್ಲವರ್ಸ್ ಸಾಲ ಕೇಳಲು ಹೋದರೆ, ಇಂಥದ್ದು ನಡೆಯುವ ಮಾತಲ್ಲ ಅಂತ ಬ್ಯಾಂಕಿನವರು ವಾಪಸ್ ಕಳಿಸಿದರು. ನಾನು ಆಗಲೇ ಕಟ್ಟಿದ್ದೇನೆ ಮಾರಾಯ ಅನ್ನುವ ಹಾಗಿರಲಿಲ್ಲ. 1970ರ ದಶಕದವರೆಗೂ ಆ ಗುಟ್ಟು ಹೊರಬರಲಿಲ್ಲ. ಜಗಳ ಕಟ್ಟಿಸಿದ್ದನ್ನು ಜಗಳವೇ ಹೂತುಹಾಕಿತು.

ಇವೆಲ್ಲ ದೂರದ ಮಾತಾಯಿತು. ನಮ್ಮ ಎರೆ ಹೊಲಕ್ಕೆ ಬರೋಣ. ಈ ಪ್ರಶ್ನೆಯನ್ನು ಧಾರವಾಡ, ಗದಗಿನಷ್ಟು ಹತ್ತಿರದಿಂದ ಕಂಡ ಸೀಮೆಗಳು ಕಡಿಮೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಅಲ್ಲಿಂದಲೇ ಬರುತ್ತಿತ್ತು. ಅದು ನಿಂತುಹೋಯಿತು. ಲ್ಯಾಂಕಷೈರಿನ ಗಿರಣಿಗಳು ಬಾಗಿಲು ಹಾಕಿದವು, ಲಿವರ್‌ಪೂಲ್ ಪೇಟೆಯಲ್ಲಿ ದರ ಮೂರು-ನಾಲ್ಕು ಪಟ್ಟು ಏರಿತು. ಎಲ್ಲರ ಕಣ್ಣೂ ಹಿಂದುಸ್ತಾನದ ಹತ್ತಿಯ ಮೇಲೆ ಬಿತ್ತು. ಅದರಲ್ಲೂ 'ಧಾರವಾರ್-ಅಮೆರಿಕನ್' ಅಂತ ಹೆಸರಾಗಿದ್ದ ನಮ್ಮ ಹತ್ತಿಯ ಮೇಲೆ.

ಆ ಹತ್ತಿ ಇಲ್ಲಿಗೆ ಬಂದದ್ದು ಹೇಗೆ? ಯುದ್ಧಕ್ಕೆ ಇಪ್ಪತ್ತು ವರ್ಷ ಮೊದಲು, 1840ರ ದಶಕದಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ತೋಟಗಾರರನ್ನೇ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ದೇಶದ ಬೇರೆ ಕಡೆಗಳಲ್ಲಿ ಅದು ಅಷ್ಟಾಗಿ ನೆಲೆ ನಿಲ್ಲಲಿಲ್ಲ. ಇಲ್ಲಿ ಹಿಡಿಯಿತು. ನಮ್ಮವರು ಅದಕ್ಕೆ ವಿಲಾಯತಿ ಹತ್ತಿ ಅಂದರು, ಊರಿನದು ಜವಾರಿ ಹತ್ತಿ. ವಿಲಾಯತಿ ಹತ್ತಿಯ ಅರಳೆ ಬೀಜಕ್ಕೆ ಅಂಟಿಕೊಂಡಿರುತ್ತದೆ. ನಮ್ಮ ಹಳೇ ಉರುಳೆಗಳಿಗೆ ಬಗ್ಗದು. ಅದಕ್ಕೆ ಗರಗಸದ ಹಲ್ಲಿನ ಜಿನ್, ಅಂದರೆ ಅರಳೆಯಿಂದ ಬೀಜ ಬಿಡಿಸುವ ಯಂತ್ರ, ಬೇಕು. ಆ ಜಿನ್ನುಗಳನ್ನು ಮಾಡಲು, ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರದ ಕಾರ್ಖಾನೆಯೇ ಇತ್ತು. ಇಲ್ಲೂ ಪೆನಿಸಿಲಿನ್ನಿನ ಕಥೆಯೇ, ನೋಡಿ. ಬೀಜ, ಜಿನ್, ಕೈಗೆ ಹತ್ತಿದ ಕಸುಬು, ಎಲ್ಲವೂ ಮೊದಲೇ ತಯಾರಿದ್ದವು. ಯುದ್ಧ ದರ ಏರಿಸಿತು.

ಮುಂದಿನ ನಾಲ್ಕು ವರ್ಷ ಈ ಸೀಮೆಗೆ ಹುಚ್ಚು ಹಿಡಿದಂತಾಯಿತು. ಬಂಡಿಗಳು ಸಾಲುಗಟ್ಟಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದವು. ನಮ್ಮ ಜವಾರಿ ಹತ್ತಿಗೆ ಹೊರಗಿನ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು. ಕುಮಟಾದಲ್ಲಿ ಅದನ್ನು ಯಾರೂ ಬೆಳೆಯುತ್ತಿರಲಿಲ್ಲ, ಹಡಗು ಹತ್ತುತ್ತಿದ್ದದ್ದು ಅಲ್ಲಿ ಅಷ್ಟೆ. ದರದ ಜೊತೆಗೆ ಮೋಸವೂ ಏರಿತು. ತೂಕ ಬರಲಿ ಅಂತ ಅರಳೆಗೆ ನೀರು ಚಿಮುಕಿಸುವುದು, ಕಸ, ಬೀಜ ಸೇರಿಸುವುದು, ಒಳ್ಳೆಯದರ ನಡುವೆ ಕೆಟ್ಟದ್ದು ತುಂಬುವುದು. ಅದು ಎಷ್ಟು ಜಾಸ್ತಿಯಾಯಿತೆಂದರೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯಲೆಂದೇ ಒಂದು ಕಾಯ್ದೆ ತಂದಿತು. ನಮ್ಮ ಸೀಮೆಗೆ ಯುದ್ಧ ತಂದ ಹೊಸ ವಿದ್ಯೆಗಳಲ್ಲಿ ಇದೂ ಒಂದು.

ಇನ್ನೊಂದು ಸಂಗತಿ ಹುಡುಗರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಉತ್ತರ ಕನ್ನಡ ಮೊದಲು ಮದ್ರಾಸ್ ಆಡಳಿತದಲ್ಲಿತ್ತು. 1862ರಲ್ಲಿ ಅದನ್ನು ಮುಂಬೈಗೆ ಸೇರಿಸಿದರು. ಕಾರವಾರದ ಬಂದರು ಬೆಳೆಸಬೇಕು, ಧಾರವಾಡದ ಹತ್ತಿ ಅಲ್ಲಿಂದ ಸೀದಾ ಹೊರಡಬೇಕು ಅನ್ನುವುದು ಅದರ ಹಿಂದಿದ್ದ ದೊಡ್ಡ ಒತ್ತಾಯ. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒಂದು ಕಂಪನಿ ಕಟ್ಟಿ ಹತ್ತಿ ಒತ್ತುವ ಯಂತ್ರಗಳನ್ನು ಆ ದಂಡೆಗೆ ಸಾಗಿಸಿದರು. ರಸ್ತೆ ತಯಾರಿರಲಿಲ್ಲ. ಕಾರವಾರದಿಂದ ನಮ್ಮ ಕಡೆಗೆ ರೈಲು ಹಾಕಿ ಅಂತ ಬೊಬ್ಬೆ ಹಾಕಿದರು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ದರ ಬಿತ್ತು. ಮುಂಬೈಯಲ್ಲಿ ಹತ್ತಿಯ ದುಡ್ಡಿನ ಮೇಲೆ ಎದ್ದಿದ್ದ ಷೇರು ಪೇಟೆ ಅದೇ ವರ್ಷ ಕುಸಿಯಿತು. ಮ್ಯಾಂಚೆಸ್ಟರಿನ ಆ ಕಂಪನಿಯೂ ಹೆಚ್ಚು ದಿನ ಉಳಿಯಲಿಲ್ಲ. ಕಾರವಾರದ ರೈಲಿನ ಮಾತು ತಣ್ಣಗಾಯಿತು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಇನ್ನೂ ಘಟ್ಟ ಇಳಿದಿಲ್ಲ. (ಈಗಿನ ಕಾರಣ ಬೇರೆ. ಕಾಡಿನ ಪ್ರಶ್ನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ.) ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1876ರಿಂದ 78ರವರೆಗೆ, ದೊಡ್ಡ ಬರ. 1872ರ ಜನಗಣತಿಯಲ್ಲಿ ಇದ್ದದ್ದಕ್ಕಿಂತ 1881ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆ ಇತ್ತು. ಹತ್ತಿಯ ಸುಗ್ಗಿಯಲ್ಲಿ ಬಂದ ಬೆಳ್ಳಿ ಆ ಹೊತ್ತಿಗೆ ಎಷ್ಟು ಮನೆಗಳಲ್ಲಿ ಉಳಿದಿತ್ತೋ ಊಹಿಸಿಕೊಳ್ಳಿ.

ಕೊನೆಗೂ ರೈಲು ಬಂತು. ತಂದದ್ದು ಯುದ್ಧವಲ್ಲ, ಆ ಬರ. ಜನ ಸಾಯುತ್ತಿದ್ದಾಗ ಧಾನ್ಯ ಸಾಗಿಸಲು ದಾರಿಯಿರಲಿಲ್ಲ ಅಂತ ಸರ್ಕಾರಕ್ಕೆ ಮುಖಭಂಗವಾಗಿತ್ತು. ಬರ ಬಿದ್ದಾಗ ಉಪಯೋಗಕ್ಕೆ ಬರಲಿ ಅಂತಲೇ ಸದರ್ನ್ ಮರಾಠಾ ರೈಲ್ವೆ ಹಾಕಿದರು. 1884ರಲ್ಲಿ ಗದಗ-ಹೋಟಗಿ ದಾರಿ ತೆರೆಯಿತು, ಕೆಲವೇ ವರ್ಷದಲ್ಲಿ ಹುಬ್ಬಳ್ಳಿ ಜಂಕ್ಷನ್ ಆಯಿತು. ಈಗ ಅಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು ಅಂತ ನಾವು ಬೀಗುತ್ತೇವೆ. (ಲಗೇಜು ಹೊತ್ತು ಈ ತುದಿಯಿಂದ ಆ ತುದಿಗೆ ನಡೆದವರು ಬೀಗುವುದಿಲ್ಲ.) ಆ ರೈಲ್ವೆಯ ಮುಖ್ಯ ಕಚೇರಿ ಇದ್ದ ಧಾರವಾಡದ ಕಟ್ಟಡವೇ ಈಗಿನ ಕರ್ನಾಟಕ ಕಾಲೇಜು. ನಾನು ಅಮೆರಿಕದ ಅಂತರ್ಯುದ್ಧದ ಪಾಠ ಮೊದಲು ಕೇಳಿದ್ದು ಅದೇ ಕಟ್ಟಡದಲ್ಲಿ. ಕಿಟಕಿಯಾಚೆ ನಮ್ಮೂರಿಗೂ ಆ ಯುದ್ಧಕ್ಕೂ ನಂಟಿದೆ ಅಂತ ನಮ್ಮ ಮೇಷ್ಟ್ರು ಹೇಳಲಿಲ್ಲ. ಪಠ್ಯದಲ್ಲೂ ಇರಲಿಲ್ಲ.

ಚಂದ್ರನ ಕಥೆ ಕಾರವಾರದ ರೈಲಿನ ಕಥೆಗೆ ಎಷ್ಟು ಹತ್ತಿರ ಇದೆ ನೋಡಿ. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಹಾರಿಸಿದರು, 1961ರಲ್ಲಿ ಗಗಾರಿನ್ ಹೋಗಿಬಂದ. ಅಮೆರಿಕಕ್ಕೆ ತಡೆಯಲಾಗಲಿಲ್ಲ. 1966ರಲ್ಲಿ ಅಲ್ಲಿನ ಸರ್ಕಾರದ ಒಟ್ಟು ಖರ್ಚಿನಲ್ಲಿ ನಾಸಾದ ಪಾಲು ಶೇ. 4ಕ್ಕೂ ಜಾಸ್ತಿ. 1969ರಲ್ಲಿ ಇಳಿದರು, ಜಿದ್ದು ಗೆದ್ದರು. ಗೆದ್ದ ಮೇಲೆ ಇನ್ನೇನು? ಯೋಜನೆಯಲ್ಲಿದ್ದ ಮೂರು ಯಾತ್ರೆಗಳನ್ನು ಕೈಬಿಟ್ಟರು. 1975ರ ಹೊತ್ತಿಗೆ ನಾಸಾದ ಪಾಲು ಶೇ. 1ರ ಆಸುಪಾಸಿಗೆ ಬಂತು. ಚಂದ್ರನಿಗೆ ಹೋಗಬೇಕಿದ್ದ ದೈತ್ಯ ರಾಕೆಟ್ ಹೂಸ್ಟನ್ನಿನಲ್ಲಿ ವರ್ಷಗಟ್ಟಲೆ ಬಯಲಲ್ಲಿ ಅಡ್ಡ ಮಲಗಿತ್ತು, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. 1972ರ ಡಿಸೆಂಬರ್ ನಂತರ ಯಾರೂ ಅಲ್ಲಿ ಕಾಲಿಟ್ಟಿಲ್ಲ.

ಪ್ರಗತಿ ಅಂದಾಗ ಯಾರ ಪ್ರಗತಿ ಅಂತಲೂ ನಿಮ್ಮ ಮಗ ಕೇಳಬೇಕು. ಅದಕ್ಕೆ ನಿಮ್ಮದೇ ಜಿಲ್ಲೆಯ ಶಿಗ್ಗಾವಿ ಕಡೆಯ ಹೊಟ್ಟೂರಿನ ಶಾಸನ ಓದಿಸಿ. ಅದು ಕ್ರಿ.ಶ. 1007ರದ್ದು, ಚಾಲುಕ್ಯ ಸತ್ಯಾಶ್ರಯನ ಕಾಲ. ಚೋಳ ರಾಜ ಒಂಬತ್ತು ಲಕ್ಷ ಸೈನ್ಯ ತಂದು ನಾಡನ್ನು ಸೂರೆಮಾಡಿದ, ಹೆಂಗಸರು ಮಕ್ಕಳೆನ್ನದೆ ಕೊಂದ ಅಂತ ಕಲ್ಲು ಹೇಳುತ್ತದೆ. ಲೆಕ್ಕ ಉತ್ಪ್ರೇಕ್ಷೆ ಇರಬಹುದು, ನೋವು ಅಲ್ಲ. ಈಗ ತಂಜಾವೂರಿಗೆ ಹೋಗಿ. ಅದೇ ಹೊತ್ತಿನಲ್ಲಿ ಅಲ್ಲಿ ಚೋಳ ರಾಜರಾಜನ ದೊಡ್ಡ ಗುಡಿ ಏಳುತ್ತಿತ್ತು, 1010ಕ್ಕೆ ಪೂರ್ತಿಯಾಯಿತು. ಸತ್ಯಾಶ್ರಯನನ್ನು ಸೋಲಿಸಿ ತಂದ ಸಂಪತ್ತಿನಿಂದ ದೇವರಿಗೆ ಚಿನ್ನದ ಹೂ ಮಾಡಿಸಿದೆ ಅಂತ ಅಲ್ಲಿನ ಗೋಡೆಯ ಮೇಲೇ ಕೆತ್ತಿಸಿದ್ದಾನೆ. ಆ ಗುಡಿ ನೋಡಿದವರು ಬೆರಗಾಗುತ್ತಾರೆ, ನಾನೂ ಆಗಿದ್ದೇನೆ. ಆದರೆ ಹೊಟ್ಟೂರಿನ ಕಲ್ಲನ್ನು ಓದಿದ ಮೇಲೆ ಆ ಹೂವಿನ ಸಾಲು ಓದುವಾಗ ಗಂಟಲು ಕಟ್ಟುತ್ತದೆ. ಚಾಲುಕ್ಯರೇನೂ ಸಂತರಾಗಿರಲಿಲ್ಲ ಬಿಡಿ, ಅವರೂ ಸಿಕ್ಕಲ್ಲಿ ಸೂರೆಮಾಡಿದವರೇ.

ಅದೇ 1007ರಲ್ಲಿ, ಇಷ್ಟೆಲ್ಲ ಗದ್ದಲದ ನಡುವೆ, ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸುತ್ತಿದ್ದಳು. ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಪೊನ್ನನ ಕಾವ್ಯವೊಂದರ ಸಾವಿರ ಪ್ರತಿ ಬರೆಸಿ ಹಂಚಿದವಳು ಅವಳು. ಲಕ್ಕುಂಡಿಗೆ ಹೋದಾಗಲೆಲ್ಲ ನನಗೆ ಒಂದೇ ಯೋಚನೆ. ಸಾವಿರ ಪ್ರತಿ ಅಂದರೆ ಎಷ್ಟು ಓಲೆಗರಿ, ಗರಿಯ ಮೇಲೆ ಕೊರೆಯುವ ಎಷ್ಟು ಕಂಠ, ಎಷ್ಟು ಜನರ ಬೆನ್ನುನೋವು!

ಹಾಗಂತ ಪೈಪೋಟಿಯೇ ಬೇಡ ಅನ್ನುವವನು ನಾನಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಬದುಕಿದವನಿಗೆ ಪೈಪೋಟಿಯ ರುಚಿ ಗೊತ್ತು. ನನ್ನ ಮಟ್ಟಿಗೆ ಜಿದ್ದು ಬೇರೆ, ಜಗಳ ಬೇರೆ. ಕುಸ್ತಿ ಕಣದಲ್ಲಿ ಜಿದ್ದು ಇರುತ್ತದೆ. ಎದುರಿನವನ ಪಟ್ಟು ನೋಡಿ ಕಲಿಯುತ್ತೇನೆ, ನಾಳೆ ಅವನೂ ಬದುಕಿರುತ್ತಾನೆ, ನಾನೂ. ಕಣಕ್ಕೆ ಮಚ್ಚು ತಂದರೆ ಅದು ಜಗಳ. ಅಲ್ಲಿ ಕಲಿಯೋಕೆ ಯಾರೂ ಉಳಿಯಲ್ಲ. 1915ರಲ್ಲಿ ಗಲಿಪೊಲಿಯಲ್ಲಿ 27 ವರ್ಷದ ಹೆನ್ರಿ ಮೋಸ್ಲಿ ಗುಂಡೇಟಿಗೆ ಸತ್ತ. ಪರಮಾಣು ಸಂಖ್ಯೆಗೆ ಬುನಾದಿ ಹಾಕಿದ ಹುಡುಗ ಅವನು, ನಿಮ್ಮ ಮಗ ಕೆಮಿಸ್ಟ್ರಿಯಲ್ಲಿ ಓದಿರುತ್ತಾನೆ. ಯುದ್ಧದಿಂದ ಏನೇನು ಬಂತು ಅಂತ ಪಟ್ಟಿ ಮಾಡುವವರು ಮೋಸ್ಲಿ ಇನ್ನು ನಲವತ್ತು ವರ್ಷದಲ್ಲಿ ಏನು ಮಾಡುತ್ತಿದ್ದ ಅನ್ನುವುದನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೆ?

ಗದಗ ತಾಲ್ಲೂಕಿನ ಕಣಗಿನಹಾಳದ ಹೆಸರು ನೀವು ಕೇಳಿರುತ್ತೀರಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದ ಊರು. ಆ ವಿಚಾರ ಎಲ್ಲಿಂದ ಬಂತು? ಜರ್ಮನಿಯಿಂದ. ನಮ್ಮ ಹತ್ತಿ ದರ ಆಕಾಶದಲ್ಲಿದ್ದ 1860ರ ದಶಕದಲ್ಲೇ ಅಲ್ಲಿ ರೈಫೈಸೆನ್ ಅನ್ನುವವರು ಬಡ ರೈತರು ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆಯುವ ಸಂಘಗಳನ್ನು ಶುರು ಮಾಡಿದ್ದರು. ಮದ್ರಾಸಿನ ಬ್ರಿಟಿಷ್ ಅಧಿಕಾರಿ ನಿಕಲ್ಸನ್ ಅದನ್ನು ಅಧ್ಯಯನ ಮಾಡಿ ವರದಿ ಬರೆದರು, 1904ರಲ್ಲಿ ಕಾಯ್ದೆ ಬಂತು, ಮರುವರ್ಷ ಕಣಗಿನಹಾಳ. ಸರಿಯಾಗಿ ಅದೇ ವರ್ಷಗಳಲ್ಲಿ ಬ್ರಿಟನ್ನು ಮತ್ತು ಜರ್ಮನಿ ಯಾರ ಯುದ್ಧನೌಕೆ ದೊಡ್ಡದು ಅಂತ ಜಿದ್ದಿಗೆ ಬಿದ್ದಿದ್ದವು. ಕೋಟಿಗಟ್ಟಲೆ ಸುರಿದರು. ಜರ್ಮನರು ಅಷ್ಟು ಖರ್ಚು ಮಾಡಿ ಕಟ್ಟಿದ ಹಡಗುಗಳಲ್ಲಿ ಬಹುಪಾಲನ್ನು 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ತಾವೇ ಮುಳುಗಿಸಿದರು. ಬ್ರಿಟಿಷರ ಕೈಗೆ ಸಿಗಬಾರದು ಅಂತ. ಸಾಲದ ಸಂಘದ ವಿಚಾರ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಎರೆ ಹೊಲದವರೆಗೆ ಬಂದಿತ್ತು.

ಜಿದ್ದಾಜಿದ್ದಿಯ ನಡುವೆಯೂ ಇಂಥದ್ದು ನಡೆಯುತ್ತದೆ. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಸಿಡುಬನ್ನು ಭೂಮಿಯಿಂದಲೇ ತೆಗೆಯೋಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಪ್ರಸ್ತಾಪ ಇಟ್ಟವರು ರಷ್ಯಾದ ಝ್ದಾನೊವ್. ಮುಂದೆ ಆ ಕೆಲಸದ ಮುಂದಾಳು ಅಮೆರಿಕದ ಹೆಂಡರ್ಸನ್. ಲಸಿಕೆ ಬಹಳಷ್ಟು ರಷ್ಯಾದ್ದು, ಕವಲು ಸೂಜಿ ಅಮೆರಿಕದ್ದು. ನಮ್ಮ ದೇಶದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ನಿಮ್ಮ ತೋಳಿನ ಮೇಲೂ ಆ ದುಂಡು ಗುರುತು ಇದ್ದರೆ ಮಗನಿಗೆ ತೋರಿಸಿ.

ನನ್ನ ವಾದಕ್ಕೆ ಸುಲಭವಾಗಿ ಬಗ್ಗದ ಉದಾಹರಣೆಗಳೂ ಇವೆ. 1980ರ ದಶಕದಲ್ಲಿ ನಾವು ಕೇಳಿದ ದೊಡ್ಡ ಕ್ರೇ ಸೂಪರ್ ಕಂಪ್ಯೂಟರನ್ನು ಕೊಡಲು ಅಮೆರಿಕ ಒಪ್ಪಲಿಲ್ಲ. ಸಿಟ್ಟಿಗೆ ಬಿದ್ದು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಕಟ್ಟಿದೆವು, 1991ಕ್ಕೆ ನಮ್ಮದೇ ಸೂಪರ್ ಕಂಪ್ಯೂಟರ್ ಪರಮ್ 8000 ಬಂತು. ಅವಮಾನ ಕೆಲಸ ಮಾಡಿಸಿತು, ನಿಜ. ಅದರೊಳಗಿನ ಚಿಪ್ಪುಗಳು ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರುಗಳು ಅನ್ನುವುದೂ ನಿಜ. ಬಾಗಿಲು ಒಂದು ಕಡೆ ಮುಚ್ಚಿತ್ತು, ಇನ್ನೊಂದು ಕಡೆ ತೆರೆದಿತ್ತು. ರಾಕೆಟ್ಟಿಗೆ ಬೇಕಾದ ಕ್ರಯೋಜೆನಿಕ್ ಎಂಜಿನ್ನಿನಲ್ಲಿ ಇನ್ನೂ ಕಷ್ಟವಾಯಿತು. ಅಮೆರಿಕದ ಒತ್ತಡಕ್ಕೆ 1993ರಲ್ಲಿ ರಷ್ಯಾ ಆ ವಿದ್ಯೆ ಕೊಡದೆ ಹಿಂದೆ ಸರಿಯಿತು, ನಮ್ಮದೇ ಎಂಜಿನ್ ಹೊತ್ತ ರಾಕೆಟ್ ಜಿಎಸ್‌ಎಲ್‌ವಿ ಯಶಸ್ವಿಯಾದದ್ದು 2014ರ ಜನವರಿಯಲ್ಲಿ. ಕಲಿತೆವು ಅಂತ ಹೆಮ್ಮೆ ಪಡಬಹುದು. ಇಪ್ಪತ್ತು ವರ್ಷ ಹೋಯಿತು ಅಂತ ಅಳಲೂಬಹುದು. ನಾನು ಎರಡನ್ನೂ ಮಾಡುತ್ತೇನೆ.

ಬೀಜದವರಾದ ನಿಮಗೆ ಕೊನೆಗೊಂದು ನಿಮ್ಮ ಅಂಗಳದ್ದೇ ಮಾತು. 1970ರಲ್ಲಿ ಸೂರತ್ತಿನಲ್ಲಿ ಸಿ.ಟಿ. ಪಟೇಲರು ಎಚ್-4 ಹೈಬ್ರಿಡ್ ಹತ್ತಿ ತಂದರು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ವರಲಕ್ಷ್ಮಿ ತಂದರು. ವಿಲಾಯತಿ ಹತ್ತಿ ಕುಣಿದಾಡಿ ಹೋದ ಅದೇ ನಾಡಿನಲ್ಲಿ, ಯಾವ ದೇಶದ ಬಂದರಿಗೂ ದಿಗ್ಬಂಧನ ಬೀಳದೆ. ಆ ಬೀಜ ಮಾಡಲು ಬೇಕಾದದ್ದು ಕೈ. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ 'ಕ್ರಾಸಿಂಗ್' ಕೆಲಸ ನೀವು ಸಾವಿರ ಸಲ ನೋಡಿರುತ್ತೀರಿ. ಸಂಜೆ ಮೊಗ್ಗಿನ ಎಸಳು, ಕೇಸರ ಬಿಡಿಸಬೇಕು. ಶಲಾಕೆಗೆ ಉಗುರು ತಾಗಬಾರದು. ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಸವರಬೇಕು. ಒಂದೊಂದೇ ಹೂವು. ಮಗನನ್ನು ಒಂದು ದಿನ ಆ ಹೊಲಕ್ಕೆ ಕರೆದುಕೊಂಡು ಹೋಗಿ.

ಇನ್ನು ಸ್ಪರ್ಧೆಯ ಮಾತು. ವಿರೋಧದ ಚೀಟಿ ಬಂದರೆ ಧಾರವಾಡದ ಹತ್ತಿ ಸಾಕು, ತೀರ್ಪುಗಾರರಲ್ಲಿ ಅರ್ಧ ಜನಕ್ಕೆ ಅದು ಹೊಸ ಸುದ್ದಿ ಆಗಿರುತ್ತದೆ. ಪರ ಬಂದರೆ ಪರಮ್ ಹಿಡಿಯಲಿ, ಟ್ರಾನ್ಸ್‌ಪ್ಯೂಟರಿನ ಮಾತು ತಾನಾಗಿ ಎತ್ತದಿರಲಿ. ಪೆನಿಸಿಲಿನ್ ಮಾತ್ರ ಮುಟ್ಟಬೇಡ ಅನ್ನಿ. ಎದುರಿನ ಹುಡುಗಿ ಎದ್ದು ನಿಂತು '1928' ಅಂದರೆ ಇವನು ಕೂರಬೇಕಾಗುತ್ತದೆ.